ನಾಮಿನಿ ಹೆಸರಿದ್ದರೆ ಸಾಲದು, ಉಯಿಲೂ ಬೇಕು

ಬೆಂಗಳೂರು: ವೈಕುಂಠ ಸಮಾರಾಧನೆ ಮುಗಿದು ನೆಂಟರಿಷ್ಟರು ಊರಿಗೆ ಮರಳಿದ ಮೇಲೆ ಅನೇಕ ಮನೆಗಳಲ್ಲಿ ಬೀರುವಿನ ಕಾಗದಪತ್ರಗಳು ಹೊರಬರುತ್ತವೆ. ಬ್ಯಾಂಕ್ ಠೇವಣಿಗೆ ಹಿರಿಯ ಮಗ ನಾಮಿನಿ. ನಿವೇಶನದ ಖಾತೆ ಇನ್ನೂ ತೀರಿಕೊಂಡವರ ಹೆಸರಿನಲ್ಲಿದೆ. ಅಂಗಡಿಯ ವ್ಯವಹಾರ ಕಿರಿಯ ಮಗನ ಕೈಯಲ್ಲಿದೆ. ಮದುವೆಯಾಗಿ ಹೋದ ಮಗಳ ಪಾಲೆಷ್ಟು ಎಂಬ ಮಾತು ಬಂದೊಡನೆ ಮನೆಯ ಶಾಂತಿ ಕದಡುತ್ತದೆ.

ಒಂದು ಕಾಲದಲ್ಲಿ ಇಂಥ ಕುಟುಂಬಗಳನ್ನು ಕಾಡುತ್ತಿದ್ದುದು ತೆರಿಗೆ. 1953ರಲ್ಲಿ ಜಾರಿಗೆ ಬಂದ ಎಸ್ಟೇಟ್ ಸುಂಕದ ಗರಿಷ್ಠ ದರ ಶೇ. 85ರವರೆಗೂ ಏರಿತ್ತು. 1985ರಲ್ಲಿ ಅದು ರದ್ದಾಯಿತು. ಇಂದು ಉಯಿಲು ಅಥವಾ ಉತ್ತರಾಧಿಕಾರದ ಮೂಲಕ ಬಂದ ಆಸ್ತಿಯನ್ನು ವಾರಸುದಾರರ ಆದಾಯವೆಂದು ಪರಿಗಣಿಸುವುದಿಲ್ಲ. ಆದರೆ ಆ ಆಸ್ತಿಯಿಂದ ಬರುವ ಬಾಡಿಗೆ, ಬಡ್ಡಿಗೆ ವಾರಸುದಾರರು ತೆರಿಗೆ ತೆರಬೇಕು. ಮುಂದೆ ಅದನ್ನು ಮಾರಿದಾಗ ತೀರಿಕೊಂಡವರು ಕೊಂಡಿದ್ದ ಬೆಲೆಯನ್ನೇ ಆಧಾರವಾಗಿಟ್ಟು ಬಂಡವಾಳ ಲಾಭವನ್ನು ಲೆಕ್ಕ ಹಾಕಲಾಗುತ್ತದೆ. ಆದ್ದರಿಂದ ಹಳೆಯ ಕ್ರಯಪತ್ರವನ್ನು ಜೋಪಾನವಾಗಿಡುವುದು ಅಗತ್ಯ. ಮೃತರು ಬಾಕಿ ಉಳಿಸಿದ ತೆರಿಗೆಯನ್ನೂ ಬಂದ ಆಸ್ತಿಯ ಮಿತಿಯಲ್ಲಿ ವಾರಸುದಾರರೇ ತೀರಿಸಬೇಕು.

ಹೀಗೆ ತೆರಿಗೆಯ ಭಾರ ಇಳಿದರೂ ಕುಟುಂಬಗಳು ನ್ಯಾಯಾಲಯದ ಮೆಟ್ಟಿಲೇರುವುದು ನಿಂತಿಲ್ಲ. ಸ್ಪಷ್ಟವಾದ ಉಯಿಲಿನ ಅಭಾವವೇ ಇದಕ್ಕೆ ದೊಡ್ಡ ಕಾರಣ.

ನಾಮಿನಿ ಯಾರು?

ನಾಮಿನಿಯೇ ಒಡೆಯ ಎಂಬುದು ವ್ಯಾಪಕವಾದ ತಪ್ಪು ಕಲ್ಪನೆ. ಸಂಸ್ಥೆಯಿಂದ ಹಣ ಪಡೆದು ಹಕ್ಕುಳ್ಳವರಿಗೆ ತಲುಪಿಸುವ ಹೊಣೆಗಾರನೇ ನಾಮಿನಿ. ಕಂಪನಿ ಷೇರುಗಳಿಗೂ ಇದೇ ನಿಯಮ ಅನ್ವಯಿಸುತ್ತದೆ ಎಂದು ಸುಪ್ರೀಂ ಕೋರ್ಟ್ 2023ರ ಡಿಸೆಂಬರ್‌ನಲ್ಲಿ ತೀರ್ಪು ನೀಡಿತು. ಜೀವ ವಿಮೆಯ ವಿಷಯದಲ್ಲಿ 2015ರ ತಿದ್ದುಪಡಿ ತಂದೆತಾಯಿ, ಪತಿ ಅಥವಾ ಪತ್ನಿ, ಮಕ್ಕಳು ನಾಮಿನಿಯಾಗಿದ್ದರೆ ಹೆಚ್ಚಿನ ಹಕ್ಕು ನೀಡಿದೆ. ಆದರೂ ಇತರ ವಾರಸುದಾರರು ಪಾಲು ಕೇಳಿದಲ್ಲಿ ಉತ್ತರಾಧಿಕಾರ ಕಾನೂನೇ ಮೇಲುಗೈ ಪಡೆಯುತ್ತದೆ ಎಂದು ಕರ್ನಾಟಕ ಹೈಕೋರ್ಟ್ 2025ರಲ್ಲಿ ಹೇಳಿದೆ.

ಖಾತೆಯ ಕಥೆಯೂ ಇಷ್ಟೇ. ಪೌತಿ ಖಾತೆಯಾಗಿ ಪಹಣಿಯಲ್ಲಿ ಒಬ್ಬರ ಹೆಸರು ಬಂದ ಮಾತ್ರಕ್ಕೆ ಉಳಿದವರ ಹಕ್ಕು ಅಳಿಯದು. ಕಂದಾಯ ದಾಖಲೆ ಮಾಲೀಕತ್ವದ ಪತ್ರವಲ್ಲ.

ಉಯಿಲು ಇಲ್ಲದಿದ್ದರೆ

1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಪುರುಷನ ಸ್ವಯಾರ್ಜಿತ ಆಸ್ತಿ ಪತ್ನಿ, ಮಕ್ಕಳು ಹಾಗೂ ತಾಯಿಗೆ ಸಮಪಾಲಾಗಿ ಸೇರುತ್ತದೆ. ಈ ಮೊದಲ ವರ್ಗದಲ್ಲಿ ತಂದೆಯ ಹೆಸರಿಲ್ಲ ಎಂಬುದು ಅನೇಕರಿಗೆ ತಿಳಿಯದು. ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಂತೆ ಮಗಳಿಗೂ ಮಗನಷ್ಟೇ ಹಕ್ಕಿದೆ. ಅಂಥ ಆಸ್ತಿಯಲ್ಲಿ ತಂದೆ ಉಯಿಲು ಬರೆಯಬಹುದಾದುದು ತನ್ನ ಪಾಲಿಗೆ ಮಾತ್ರ. ಮುಸ್ಲಿಮರು ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚಿನದಕ್ಕೆ ಉಯಿಲು ಬರೆಯುವಂತಿಲ್ಲ.

ಸಾಕ್ಷಿಗಳೇ ಜೀವಾಳ

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ಮುದ್ರಾಂಕ ಶುಲ್ಕವಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಆದರೆ ಬರೆದವರು ಸಹಿ ಮಾಡಿದ್ದನ್ನು ಕಂಡ ಅಥವಾ ಅದು ತಮ್ಮದೇ ಸಹಿ ಎಂದು ಅವರೇ ಹೇಳಿದ್ದನ್ನು ಕೇಳಿದ ಇಬ್ಬರು ಸಾಕ್ಷಿಗಳು ಅವರ ಎದುರಿನಲ್ಲೇ ಸಹಿ ಹಾಕಿರಬೇಕು. ವ್ಯಾಜ್ಯ ಬಂದಾಗ ಆ ಸಾಕ್ಷಿಗಳಲ್ಲಿ ಒಬ್ಬರಾದರೂ ನ್ಯಾಯಾಲಯದಲ್ಲಿ ಹೇಳಿಕೆ ನೀಡಬೇಕಾಗುತ್ತದೆ. ಹಾಗಾಗಿ ಬರೆಯುವವರಿಗಿಂತ ಕಿರಿಯರಾದ, ಆಸ್ತಿಯಲ್ಲಿ ಪಾಲು ಪಡೆಯದ ಸಾಕ್ಷಿಗಳನ್ನು ಆರಿಸುವುದು ಜಾಣತನ.

ನೋಂದಣಿಯಾದ ಉಯಿಲೂ ಪ್ರಶ್ನಾತೀತವಲ್ಲ. ಉಯಿಲಿನ ಸುತ್ತ ಅನುಮಾನಗಳಿದ್ದರೆ ಅವನ್ನು ನಿವಾರಿಸುವ ಹೊಣೆ ಅದನ್ನು ಮಂಡಿಸಿದವರದೇ ಎಂಬ ತತ್ವವನ್ನು ದೇಶದ ನ್ಯಾಯಾಲಯಗಳು ಇಂದಿಗೂ ಅನುಸರಿಸುತ್ತಿವೆ. ಮೈಸೂರು ಹೈಕೋರ್ಟ್‌ನಿಂದ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲಿ ನೀಡಿದ ತೀರ್ಪೇ ಇದಕ್ಕೆ ಆಧಾರ.

ಪ್ರೊಬೇಟ್ ಅಗತ್ಯವೇ?

ಉಯಿಲು ನೈಜವೆಂದು ನ್ಯಾಯಾಲಯ ನೀಡುವ ದೃಢೀಕರಣವೇ ಪ್ರೊಬೇಟ್. ಹಿಂದೂಗಳ ಉಯಿಲುಗಳಿಗೆ ಮುಂಬಯಿ, ಮದರಾಸು, ಕಲ್ಕತ್ತಾ ನಗರಗಳಿಗೆ ಸಂಬಂಧಿಸಿದಂತೆ ಇದು ಕಡ್ಡಾಯವಾಗಿತ್ತು. ಬೆಂಗಳೂರು ಆ ಪಟ್ಟಿಯಲ್ಲಿರಲಿಲ್ಲ. ಅದನ್ನು ಕಡ್ಡಾಯಗೊಳಿಸಿದ್ದ ಭಾರತೀಯ ಉತ್ತರಾಧಿಕಾರ ಕಾಯ್ದೆಯ 213ನೇ ಕಲಮನ್ನೇ ಸಂಸತ್ತು 2025ರ ಡಿಸೆಂಬರ್‌ನಲ್ಲಿ ಕೈಬಿಟ್ಟಿತು. ಉಯಿಲಿಲ್ಲದೆ ಉಳಿದ ಠೇವಣಿ, ಷೇರುಗಳಿಗೆ ಸಿವಿಲ್ ನ್ಯಾಯಾಲಯದಿಂದ ಉತ್ತರಾಧಿಕಾರ ಪ್ರಮಾಣಪತ್ರ ಪಡೆಯಬೇಕಾಗಬಹುದು. ಈ ಪತ್ರ ಸ್ಥಿರಾಸ್ತಿಗೆ ಅನ್ವಯಿಸದು.

ವ್ಯಾಪಾರಸ್ಥರು ಗಮನಿಸಬೇಕಾದುದು

1932ರ ಪಾಲುದಾರಿಕೆ ಕಾಯ್ದೆಯಂತೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದಿದ್ದರೆ, ಪಾಲುದಾರನ ಮರಣದೊಂದಿಗೆ ಸಂಸ್ಥೆ ವಿಸರ್ಜನೆಯಾಗುತ್ತದೆ. ಒಬ್ಬರೇ ಮಾಲೀಕರಿರುವ ಅಂಗಡಿಯನ್ನು ಮುಂದುವರಿಸುವ ವಾರಸುದಾರ ಹೊಸದಾಗಿ ಜಿಎಸ್‌ಟಿ ನೋಂದಣಿ ಪಡೆಯಬೇಕು. ಉಳಿದ ಹೂಡುವಳಿ ತೆರಿಗೆ ಜಮೆಯನ್ನು ತನ್ನ ಹೆಸರಿಗೆ ವರ್ಗಾಯಿಸಿಕೊಳ್ಳಲು ಅವಕಾಶವಿದೆ. ಆದರೆ ಹಳೆಯ ಬಾಕಿಯೂ ಅವನ ಹೆಗಲಿಗೇ ಬರುತ್ತದೆ.

ಉಯಿಲನ್ನು ಎಷ್ಟು ಬಾರಿಯಾದರೂ ಬದಲಿಸಬಹುದು. ಕೊನೆಯದೇ ಊರ್ಜಿತ. ಮೊಹರು ಮಾಡಿದ ಲಕೋಟೆಯಲ್ಲಿ ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡುವ ಸೌಲಭ್ಯವೂ ಇದೆ. ಸಾವಿನ ಮಾತು ಅಮಂಗಳವೆಂದು ಉಯಿಲು ಬರೆಯುವುದನ್ನು ಮುಂದೂಡುವವರೇ ಹೆಚ್ಚು. ಹಾಗೆ ಮುಂದೂಡಿದ ಕೆಲಸದ ಬೆಲೆಯನ್ನು ಮಕ್ಕಳು ವರ್ಷಗಟ್ಟಲೆ ಕೋರ್ಟಿಗೆ ಅಲೆದು ತೆರಬೇಕಾಗುತ್ತದೆ.