ವಂಶವಾಹಿಯ ಗುಟ್ಟು ಮತ್ತು ಕಾನೂನು

ಅಮೆರಿಕದ ಬರ್ಲಿಂಗ್‌ಟನ್ ನಾರ್ದರ್ನ್ ಸಾಂಟಾ ಫೆ ಎಂಬ ರೈಲ್ವೆ ಕಂಪನಿಯ ಕೆಲವು ಕಾರ್ಮಿಕರಿಗೆ ಮಣಿಕಟ್ಟಿನ ನರ ಒತ್ತಿ ಕೈ ಜೋಮು ಹಿಡಿಯುವ ಬೇನೆ ಬಂದಿತ್ತು. ಕೆಲಸದಿಂದಲೇ ಬಂದದ್ದೆಂದು ಅವರು ಪರಿಹಾರ ಕೇಳಿದರು. ಕಂಪನಿ ಅವರನ್ನು ವೈದ್ಯರ ಬಳಿಗೆ ಕಳುಹಿಸಿ, ತೆಗೆದ ರಕ್ತದಲ್ಲಿ ಅವರಿಗೆ ತಿಳಿಸದೆ ಹದಿನೇಳನೆಯ ವರ್ಣತಂತುವಿನ ಒಂದು ಲೋಪವನ್ನು ಹುಡುಕಿಸಿತು. ಅದು ಸಿಕ್ಕಿದ್ದರೆ ಬೇನೆಯ ಹೊಣೆಯನ್ನು ಕಾರ್ಮಿಕನ ಹುಟ್ಟಿನ ಮೇಲೆಯೇ ಹೊರಿಸಬಹುದಾಗಿತ್ತು! ಒಬ್ಬಾತನ ಹೆಂಡತಿ ದಾದಿ. ಕೈನೋವಿಗೆ ಇಷ್ಟೊಂದು ರಕ್ತವೇಕೆ ಎಂದು ಆಕೆ ಸಂಶಯಪಟ್ಟಳು. ಗುಟ್ಟು ರಟ್ಟಾಯಿತು.

2001ರ ಫೆಬ್ರವರಿಯಲ್ಲಿ ಅಲ್ಲಿನ ಸಮಾನ ಉದ್ಯೋಗಾವಕಾಶ ಆಯೋಗವು ನ್ಯಾಯಾಲಯದ ಮೆಟ್ಟಿಲೇರಿತು. ಇಂಥ ಪರೀಕ್ಷೆಯನ್ನೇ ಕುರಿತ ಕೇಂದ್ರ ಶಾಸನ ಆಗ ಇರಲಿಲ್ಲವಾದ್ದರಿಂದ, ಅಂಗವಿಕಲರ ಹಿತಕ್ಕಾಗಿ 1990ರಲ್ಲಿ ಮಾಡಿದ ಕಾನೂನನ್ನೇ ಆಶ್ರಯಿಸಬೇಕಾಯಿತು. 2002ರಲ್ಲಿ ಕಂಪನಿ 36 ಜನರಿಗೆ ಒಟ್ಟು 22 ಲಕ್ಷ ಡಾಲರುಗಳವರೆಗೆ ಕೊಡಲೊಪ್ಪಿ ರಾಜಿಯಾಯಿತು.

ವಂಶವಾಹಿಯ ಪರೀಕ್ಷೆ ಬಹುಮಟ್ಟಿಗೆ ಹೇಳುವುದು ಮುಂದೆ ಬರಬಹುದಾದ ರೋಗದ ಸಂಭವವನ್ನು. ಆ ರೋಗ ಬಾರದೆಯೇ ಆಯುಸ್ಸು ಮುಗಿಯಬಹುದು. ಅಲ್ಲದೆ ನನ್ನ ರಕ್ತ ಹೇಳುವ ಗುಟ್ಟಿನಲ್ಲಿ ನನ್ನ ತಂಗಿಗೂ ಮಕ್ಕಳಿಗೂ ಪಾಲುಂಟು. ಅವರನ್ನು ಯಾರು ಕೇಳಿದರು?

ಈ ಬಗೆಯ ತಾರತಮ್ಯವನ್ನು ನಿಷೇಧಿಸುವ ಮಸೂದೆ ಅಮೆರಿಕದ ಸಂಸತ್ತಿನಲ್ಲಿ ಮೊದಲು ಮಂಡಿತವಾದದ್ದು 1995ರಲ್ಲಿ. ಅಧ್ಯಕ್ಷ ಬುಷ್ ಅದಕ್ಕೆ ಸಹಿ ಹಾಕಿದ್ದು 2008ರ ಮೇ 21ರಂದು. ಹದಿಮೂರು ವರ್ಷ ಎಳೆದಾಡಿದ ಮೇಲೆ, ಸೆನೆಟ್ಟಿನಲ್ಲಿ 95 ಮತಗಳು ಪರವಾಗಿ ಬಿದ್ದವು, ವಿರೋಧವಾಗಿ ಒಂದೂ ಇಲ್ಲ! ಅದರಂತೆ ಉದ್ಯೋಗದಾತನು ಇಂಥ ಮಾಹಿತಿಯನ್ನು ಕೇಳಕೂಡದು; ಅದನ್ನು ನೋಡಿ ಯಾರನ್ನೂ ಕೆಲಸದಿಂದ ತೆಗೆಯಕೂಡದು. ಆರೋಗ್ಯ ವಿಮೆಯವರು ಅದರ ಆಧಾರದಿಂದ ವಿಮೆ ನಿರಾಕರಿಸಲೂ ಕಂತು ಏರಿಸಲೂ ಆಗದು. ನನಗೆ ಮೆಚ್ಚಿಗೆಯಾದ ಅಂಶವೆಂದರೆ, ತಂದೆತಾಯಿ ಬಂಧುಬಳಗದ ಕಾಯಿಲೆಗಳ ವೃತ್ತಾಂತವೂ ಈ ರಕ್ಷಣೆಯೊಳಗೆ ಸೇರಿದೆ. ಹೆಣ್ಣು ಕೇಳುವಾಗ ಮನೆತನದ ರೋಗಗಳನ್ನು ಮೆಲ್ಲನೆ ವಿಚಾರಿಸುವ ನಮ್ಮ ರೂಢಿಯನ್ನು ಬಲ್ಲವರಿಗೆ ಇದರ ಬೆಲೆ ಗೊತ್ತು.

ಆದರೆ ಬೇಲಿಯಲ್ಲಿ ಕಂಡಿಯಿದೆ. ಹದಿನೈದಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಉದ್ಯೋಗದ ಕಟ್ಟಳೆ ಅನ್ವಯಿಸದು. ಜೀವವಿಮೆಯಂತೂ ಈ ಶಾಸನದ ಹೊರಗೇ ಉಳಿದಿದೆ. ಫ್ಲಾರಿಡಾ ರಾಜ್ಯ 2020ರಲ್ಲಿ ತನ್ನದೇ ಕಾನೂನಿನಿಂದ ಅದನ್ನು ಮುಚ್ಚಿತು. ತಾಯಿಯನ್ನು ಸ್ತನದ ಕ್ಯಾನ್ಸರಿನಿಂದ ಕಳೆದುಕೊಂಡ ಮಗಳು ಪರೀಕ್ಷೆಗೆ ಬಂದರೆ, ಮೊದಲು ಜೀವವಿಮೆ ಮಾಡಿಸಿ ಆಮೇಲೆ ರಕ್ತ ಕೊಡು ಎಂದು ಅಲ್ಲಿ ಸಲಹೆ ನೀಡುವುದುಂಟು.