ಮಾತ್ರೆ ತಪ್ಪದಂತೆ ಕಾಯುವವರು

ವಾರಕ್ಕೊಮ್ಮೆ ಮೊಬೈಲ್ ರಿಂಗಾಗುತ್ತದೆ. ಎತ್ತಿದರೆ ಮೊದಲೇ ಧ್ವನಿಮುದ್ರಿಸಿದ ದನಿಯೊಂದು, ಕೇಳುವವರ ಭಾಷೆಯಲ್ಲೇ, ಮಾತ್ರೆ ತೆಗೆದುಕೊಂಡಿರಾ ಎಂದು ವಿಚಾರಿಸುತ್ತದೆ. ಗುಂಡಿ ಒತ್ತಿ ಉತ್ತರ ಕೊಟ್ಟರೆ ಮುಗಿಯಿತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ತಂಡವೊಂದು ಎಚ್‌ಐವಿ ಚಿಕಿತ್ಸೆಯಲ್ಲಿದ್ದ 150 ಜನರ ಮೇಲೆ ಇದನ್ನು ಪ್ರಯೋಗಿಸಿ ನೋಡಿತು. ಮಾತ್ರೆಯನ್ನು ಸರಿಯಾಗಿ ನುಂಗುತ್ತಿದ್ದವರ ಪ್ರಮಾಣ ಶೇ. 85ರಿಂದ 91ಕ್ಕೆ ಏರಿತು. ಕರೆ ನಿಂತ ಮೇಲೂ ಆರು ತಿಂಗಳು ಹಾಗೇ ಉಳಿಯಿತು. 2012ರಲ್ಲಿ ಫಲಿತಾಂಶ ಪ್ರಕಟವಾದಾಗ ಉತ್ಸಾಹ ಮೂಡಿದ್ದು ಸಹಜ. ಕೈಗೊಂದು ಮೊಬೈಲ್ ಇರುವ ದೇಶದಲ್ಲಿ ಇದಕ್ಕಿಂತ ಅಗ್ಗದ ಉಪಾಯ ಬೇರೆ ಯಾವುದಿದೆ?

ಆದರೆ ಆ ಅಧ್ಯಯನದಲ್ಲಿ ಹೋಲಿಸಿ ನೋಡಲು ಇನ್ನೊಂದು ಗುಂಪು ಇರಲಿಲ್ಲ. ಆ ಕೊರತೆ ನೀಗಿಸಲು ಡಾ. ಅನಿತಾ ಶೆಟ್ ಮತ್ತು ಸಂಗಡಿಗರು ದಕ್ಷಿಣ ಭಾರತದ ಮೂರು ಚಿಕಿತ್ಸಾ ಕೇಂದ್ರಗಳಲ್ಲಿ ಹೊಸದಾಗಿ ಔಷಧ ಆರಂಭಿಸುತ್ತಿದ್ದ 631 ಜನರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ವಾರವಾರ ಕರೆ, ಜೊತೆಗೊಂದು ಚಿತ್ರಸಂದೇಶ. ಇನ್ನೊಂದಕ್ಕೆ ಎಂದಿನ ಆರೈಕೆ ಮಾತ್ರ. 96 ವಾರಗಳ ನಂತರ ಲೆಕ್ಕ ಹಾಕಿದಾಗ, ನೂರು ಜನರನ್ನು ಒಂದು ವರ್ಷ ಗಮನಿಸಿದರೆ ಚಿಕಿತ್ಸೆ ಸೋತವರು ಕರೆ ಬಂದ ಗುಂಪಿನಲ್ಲಿ 10.52, ಬಾರದ ಗುಂಪಿನಲ್ಲಿ 10.73. ವ್ಯತ್ಯಾಸ ಇಲ್ಲವೆಂದೇ ಅರ್ಥ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇದು ಅಚ್ಚಾಯಿತು. ಸೋತ ಪ್ರಯೋಗವನ್ನು ಹೀಗೆ ಸೋತಿತೆಂದೇ ಬರೆದು ಪ್ರಕಟಿಸುವವರು ವಿಜ್ಞಾನಕ್ಕೆ ಮಾಡುವ ಉಪಕಾರ ದೊಡ್ಡದು. ಇಲ್ಲಿ ಅದು ಕೊಟ್ಟ ಸುಳಿವು ಇಷ್ಟು: ಮಾತ್ರೆ ತಪ್ಪುವುದು ಬರೀ ಮರೆವಿನಿಂದಲ್ಲ.

ಮಾತ್ರೆ ತಪ್ಪಿದರೆ ಒಳಗೆ ಏನಾಗುತ್ತದೆ? ಚಿಕಿತ್ಸೆಯಿಲ್ಲದ ದೇಹದಲ್ಲಿ ಎಚ್‌ಐವಿ ದಿನಕ್ಕೆ ಸುಮಾರು ಸಾವಿರ ಕೋಟಿ ಹೊಸ ಕಣಗಳನ್ನು ಹುಟ್ಟಿಸುತ್ತದೆ. ನಕಲು ಮಾಡುವ ಕಿಣ್ವಕ್ಕೆ ತಪ್ಪು ತಿದ್ದುವ ಅಭ್ಯಾಸವಿಲ್ಲ. ಹೀಗಾಗಿ ಪ್ರತಿ ದಿನವೂ ರೂಪಾಂತರಗಳ ರಾಶಿ. ಔಷಧ ಪೂರ್ತಿ ಇದ್ದರೆ ವೈರಸ್ ಹೆಚ್ಚುವುದೇ ಇಲ್ಲ. ಔಷಧ ಒಂದಿಷ್ಟೂ ಇಲ್ಲದಿದ್ದರೆ ರೂಪಾಂತರಗಳಿದ್ದರೂ ಅವುಗಳಿಗೆ ಮೇಲುಗೈಯಿಲ್ಲ. ಅಪಾಯ ಇರುವುದು ಅರೆಬರೆ ಔಷಧದಲ್ಲಿ: ಅದು ಬಲಹೀನ ವೈರಸ್ಸನ್ನು ತಡೆದು, ಔಷಧಕ್ಕೆ ಬಗ್ಗದದ್ದನ್ನು ಬೆಳೆಸುತ್ತದೆ. ಚಿಕಿತ್ಸೆ ಎಷ್ಟು ವರ್ಷ ನಡೆದರೂ ವೈರಸ್ಸಿನ ಒಂದಿಷ್ಟು ಪ್ರತಿಗಳು ನಿದ್ರಿಸುತ್ತಿರುವ ಸಿಡಿ4 ಎಂಬ ಬಿಳಿ ರಕ್ತಕಣಗಳೊಳಗೆ ಅಡಗಿಯೇ ಇರುತ್ತವೆ. ಮಾತ್ರೆ ನಿಲ್ಲಿಸಿದ ಕೆಲವೇ ವಾರಗಳಲ್ಲಿ ರಕ್ತದಲ್ಲಿ ಮತ್ತೆ ಕಾಣಿಸಿಕೊಳ್ಳುತ್ತವೆ. ‘ಈಗ ಆರಾಮಾಗಿದೀನಲ್ಲ’ ಎಂದು ಬಿಟ್ಟವರಿಗೆ ದೇಹ ಕೂಡಲೇ ಎಚ್ಚರಿಕೆ ಕೊಡುವುದಿಲ್ಲ ಎಂಬುದೇ ಕಷ್ಟ.

ಮಾತ್ರೆಯೂ ಬದಲಾಗಿದೆ. ಭಾರತದಲ್ಲಿ ಎಚ್‌ಐವಿಯ ಉಚಿತ ಔಷಧ ಚಿಕಿತ್ಸೆ (ಎಆರ್‌ಟಿ) ಶುರುವಾದದ್ದು 2004ರ ಏಪ್ರಿಲ್ 1ರಂದು, ಎಂಟು ಕೇಂದ್ರಗಳಲ್ಲಿ. ಕರ್ನಾಟಕದ್ದು ಬೆಂಗಳೂರಿನ ಬೌರಿಂಗ್ ಆಸ್ಪತ್ರೆ. ಆಗಿನ ಸ್ಟಾವುಡಿನ್ ಕಾಲು ಉರಿ ತರುತ್ತಿತ್ತು, ಕೆನ್ನೆಯ ಕೊಬ್ಬು ಕರಗಿಸುತ್ತಿತ್ತು. ಊರಿನವರಿಗೆ ಮುಖ ನೋಡಿಯೇ ಸಂಶಯ ಬರುವಂತಿದ್ದ ಔಷಧವನ್ನು ದಿನಕ್ಕೆರಡು ಬಾರಿ ನುಂಗಿ ಎಂದರೆ ಯಾರು ನುಂಗಿಯಾರು? ನಂತರ ಬಂದ ಎಫಾವಿರೆಂಜ್ ತಲೆ ತಿರುಗಿಸಿ ವಿಚಿತ್ರ ಕನಸು ತೋರಿಸುತ್ತಿತ್ತು. ಈಗ ಹೆಚ್ಚಿನವರಿಗೆ ಕೊಡುವುದು ಟಿಎಲ್‌ಡಿ: ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರೂ ಸೇರಿದ, ದಿನಕ್ಕೊಂದೇ ಮಾತ್ರೆ. ಅಡ್ಡಪರಿಣಾಮ ಕಡಿಮೆ, ಆಗೊಮ್ಮೆ ಈಗೊಮ್ಮೆ ತಪ್ಪಿದರೂ ಹಳೆಯ ಔಷಧಗಳಷ್ಟು ಬೇಗ ಸೋಲುವುದಿಲ್ಲ. ದಿನಗಟ್ಟಲೆ ಬಿಟ್ಟರೆ ಮಾತ್ರ ಅದೂ ಕಾಯದು.

ಹಾಗಾದರೆ ಜನ ದಿನಗಟ್ಟಲೆ ಏಕೆ ಬಿಡುತ್ತಾರೆ?

ತುಮಕೂರು ಜಿಲ್ಲೆಯ ನಕ್ಷೆ ಬಿಡಿಸಿ ನೋಡಿದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ. ಹತ್ತು ತಾಲ್ಲೂಕುಗಳ ಈ ಜಿಲ್ಲೆಯ ಮುಖ್ಯ ಎಆರ್‌ಟಿ ಕೇಂದ್ರ ಇರುವುದು ತುಮಕೂರು ನಗರದ ಜಿಲ್ಲಾಸ್ಪತ್ರೆಯಲ್ಲಿ. ಗುಬ್ಬಿಯವರಿಗೆ ಅದು ಸುಮಾರು 20 ಕಿಲೋಮೀಟರ್. ಬಸ್ಸೂ ಉಂಟು, ಅರಸೀಕೆರೆ ಮಾರ್ಗದ ರೈಲೂ ಉಂಟು. ಕುಣಿಗಲ್‌ನಿಂದ ದೂರ ಹೆಚ್ಚುಕಡಿಮೆ ಅದರ ದುಪ್ಪಟ್ಟು. ಅಲ್ಲಿನ ರೈಲು ಬೆಂಗಳೂರು–ಹಾಸನದ ನಡುವೆ ಓಡುವುದರಿಂದ ತುಮಕೂರಿಗೆ ಬಸ್ಸೇ ಗತಿ. ದೂರ ಹೇಳಿಕೊಳ್ಳುವಂಥದ್ದಲ್ಲ ಎನಿಸಬಹುದು. ಆದರೆ ಕೂಲಿ ಮಾಡುವವರಿಗೆ ಮಾತ್ರೆ ತರಲು ಹೋದ ದಿನ ಎಂದರೆ ಕೂಲಿ ಹೋದ ದಿನ. ತೆಂಗು, ಅಡಿಕೆ ಕೊಯ್ಲಿನ ಕಾಲದಲ್ಲಿ ಮೇಸ್ತ್ರಿಗೆ ಪ್ರತಿ ತಿಂಗಳೂ ಹೊಸ ನೆಪ ಹೇಳಬೇಕು. ಹಳ್ಳಿಯಲ್ಲಿ ನೆಪಗಳು ಬೇಗ ಮುಗಿದುಹೋಗುತ್ತವೆ.

ಎಆರ್‌ಟಿ ಕೇಂದ್ರಕ್ಕೆ ಹೋಗಿಬರುವವರಿಗೆ ರೈಲ್ವೆ ಎರಡನೇ ದರ್ಜೆಯಲ್ಲಿ ಅರ್ಧ ದರದ ರಿಯಾಯಿತಿ ಕೊಡುತ್ತದೆ. ಒಳ್ಳೆಯ ಉದ್ದೇಶ. ಆದರೆ ಅದಕ್ಕೆ ವೈದ್ಯರ ಪ್ರಮಾಣಪತ್ರವನ್ನು ಟಿಕೆಟ್ ಕೌಂಟರಿನಲ್ಲಿ ತೋರಿಸಬೇಕು. ಗುಬ್ಬಿಯಂಥ ಸಣ್ಣ ಸ್ಟೇಷನ್ನಿನಲ್ಲಿ, ಹಿಂದೆ ಪರಿಚಯದವರು ಸಾಲು ನಿಂತಿರುವಾಗ, ಕೆಲವೇ ರೂಪಾಯಿ ಉಳಿಸಲು ಆ ಕಾಗದ ಚಾಚುವವರು ಎಷ್ಟು ಜನ? ಗುಟ್ಟಿನ ಬೆಲೆ ಗೊತ್ತಿಲ್ಲದವರು ಮಾಡಿದ ಲೆಕ್ಕ ಇದು. ಊರಿನವರ ಕಣ್ಣು ತಪ್ಪಿಸಲು ಹತ್ತಿರದ ಕೇಂದ್ರ ಬಿಟ್ಟು ದೂರದ ಕೇಂದ್ರಕ್ಕೆ ಹೋಗುವುದು ದೇಶದೆಲ್ಲೆಡೆ ಕಂಡಿರುವ ಸಂಗತಿ. ಕುಣಿಗಲ್‌ನವರಿಗೆ ಹೆದ್ದಾರಿ ಹಿಡಿದರೆ ಬೆಂಗಳೂರು. ಅಲ್ಲಿ ಯಾರೂ ಗುರುತಿನವರಿಲ್ಲ, ಖರ್ಚು ಮಾತ್ರ ಹೆಚ್ಚು.

ಈ ಅಂಜಿಕೆಯ ಬಗ್ಗೆ ದಕ್ಷಿಣ ಭಾರತದಲ್ಲಿ ನಡೆದ, 2008ರಲ್ಲಿ ಪ್ರಕಟವಾದ ಅಧ್ಯಯನವೊಂದು ಸೂಕ್ಷ್ಮವಾದ ಮಾತು ಹೇಳಿದೆ. ತಾವೇ ಅವಮಾನ ಉಂಡವರಿಗಿಂತ, ‘ಇನ್ನೊಬ್ಬರಿಗೆ ಹೀಗೆ ಮಾಡಿದರಂತೆ’ ಎಂದು ಕೇಳಿ ಹೆದರಿದವರೇ ಹೆಚ್ಚು. ಕೇಳಿದ ಕಥೆಯೇ ಬಾಯಿ ಮುಚ್ಚಿಸುತ್ತದೆ. ಬಾಯಿ ಮುಚ್ಚಿದವರು ಮದುವೆ ಮನೆಯಲ್ಲಿ, ಜಾತ್ರೆಗೆ ಬಂದ ನೆಂಟರ ನಡುವೆ, ಗಂಡನ ಮನೆಯ ಒಂದೇ ಕೋಣೆಯಲ್ಲಿ ಡಬ್ಬಿ ತೆಗೆಯುವುದಾದರೂ ಹೇಗೆ? ಮಾತ್ರೆಯ ಹೊತ್ತು ನೆನಪಿದ್ದೇ ಇರುತ್ತದೆ. ನುಂಗಲು ಮರೆ ಇರುವುದಿಲ್ಲ. ವಾರದ ಫೋನ್ ಕರೆ ಈ ಮರೆಯನ್ನು ಒದಗಿಸಲಾರದು.

ಕೆನ್ಯಾದಲ್ಲಿ ಮಾತ್ರ ಫೋನೇ ಗೆದ್ದಿತು. 2010ರಲ್ಲಿ ಲ್ಯಾನ್ಸೆಟ್ ಪ್ರಕಟಿಸಿದ ಆ ಪ್ರಯೋಗದಲ್ಲಿ 538 ಜನರಿದ್ದರು. ವಾರಕ್ಕೊಂದು ಸಂದೇಶ ಬರುತ್ತಿತ್ತು, ಅದರಲ್ಲಿ ಮಾತ್ರೆಯ ಮಾತೇ ಇಲ್ಲ, ‘ಮಾಂಬೊ?’ ಎಂಬ ಸ್ವಾಹಿಲಿ ಕುಶಲಪ್ರಶ್ನೆ ಅಷ್ಟೇ. ‘ಸಾವಾ’ ಎಂದರೆ ಚೆನ್ನಾಗಿದ್ದೇನೆ, ‘ಶಿಡಾ’ ಎಂದರೆ ತೊಂದರೆಯಿದೆ. ಶಿಡಾ ಎಂದವರಿಗೂ, ಎರಡು ದಿನ ಉತ್ತರಿಸದವರಿಗೂ ನರ್ಸ್ ತಾನೇ ಕರೆ ಮಾಡುತ್ತಿದ್ದರು. ವೈರಸ್ ಹತೋಟಿಗೆ ಬಂದವರು ಸಂದೇಶದ ಗುಂಪಿನಲ್ಲಿ ಶೇ. 57, ಇನ್ನೊಂದರಲ್ಲಿ ಶೇ. 48. ಎರಡು ದೇಶ, ಎರಡು ಅಳತೆಗೋಲು. ಅಂಕಿಗೆ ಅಂಕಿ ಇಟ್ಟು ಹೋಲಿಸುವಂತಿಲ್ಲ. ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. ನಮ್ಮಲ್ಲಿ ಯಂತ್ರ ನೆನಪಿಸಿತು, ಅಲ್ಲಿ ಮನುಷ್ಯರೊಬ್ಬರು ಏನಾಯಿತು ಎಂದು ಕೇಳಿದರು.

ಇದೇ ಆಫ್ರಿಕಾದ ಬಗ್ಗೆ 2001ರಲ್ಲಿ ಅಮೆರಿಕದ ವಿದೇಶಿ ನೆರವು ಸಂಸ್ಥೆಯ ಮುಖ್ಯಸ್ಥ ಆಂಡ್ರ್ಯೂ ನಾಟ್ಸಿಯೋಸ್, ಅಲ್ಲಿನವರಿಗೆ ಗಡಿಯಾರದ ಪರಿಚಯವಿಲ್ಲ, ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಲಾರರು ಎಂದಿದ್ದರು. ಐದೇ ವರ್ಷದಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ಅವರ ಮಾತಿಗೆ ಉತ್ತರ ಕೊಟ್ಟಿತು: ಸರಿಯಾಗಿ ಔಷಧ ತೆಗೆದುಕೊಳ್ಳುವವರು ಆಫ್ರಿಕಾದಲ್ಲಿ ಶೇ. 77, ಉತ್ತರ ಅಮೆರಿಕದಲ್ಲಿ ಶೇ. 55. ಕಾರಣ ಹುಡುಕಿ ನೈಜೀರಿಯಾ, ಟಾಂಜಾನಿಯಾ, ಉಗಾಂಡಾಗಳಲ್ಲಿ ರೋಗಿಗಳ ಜೊತೆ ಮಾತಾಡಿದ ನೋರ್ಮಾ ವೇರ್ ತಂಡ 2009ರಲ್ಲಿ ಬರೆದದ್ದು ಸ್ವಾರಸ್ಯಕರ. ಬಡವರಿಗೆ ಕಷ್ಟಕಾಲದಲ್ಲಿ ಆಸರೆ ಎಂದರೆ ನೆಂಟರಿಷ್ಟರು. ಬಸ್ಸಿಗೆ ಕಾಸು ಕೊಟ್ಟವರು, ಮಗುವನ್ನು ನೋಡಿಕೊಂಡವರು ಆರೋಗ್ಯ ಸುಧಾರಿಸುವುದನ್ನು ಕಾಯುತ್ತಿರುತ್ತಾರೆ. ಅವರ ಮುಖಕ್ಕಾದರೂ ಮಾತ್ರೆ ನುಂಗಬೇಕು. ಋಣದ ಈ ಲೆಕ್ಕ ತುಮಕೂರು ಸೀಮೆಯವರಿಗೆ ವಿವರಿಸಿ ಹೇಳಬೇಕಾದುದಲ್ಲ.

ಆದ್ದರಿಂದಲೇ ಎಆರ್‌ಟಿ ಕೇಂದ್ರದ ಕೌನ್ಸೆಲರುಗಳು ಮೊದಲು ಕೇಳುವುದು, ಮನೆಯಲ್ಲಿ ಯಾರಿಗೆ ಗೊತ್ತು ಎಂದು. ಇಡೀ ಊರಿಗೆ ಹೇಳಬೇಕಿಲ್ಲ. ತಾಯಿಗೋ, ಅಕ್ಕನಿಗೋ, ಬೆಳೆದ ಮಗಳಿಗೋ ಗೊತ್ತಿದ್ದರೆ ಸಾಕು. ಆ ಒಬ್ಬರ ಎದುರು ಡಬ್ಬಿ ಬಚ್ಚಿಡಬೇಕಾಗಿಲ್ಲ, ಜ್ವರ ಬಂದಾಗ ಚಿಕಿತ್ಸೆಯ ವಿವರವಿರುವ ಹಸಿರು ಪುಸ್ತಕ ಹಿಡಿದು ಕೇಂದ್ರದಲ್ಲಿ ಅವರೇ ಮಾತ್ರೆ ವಿಚಾರಿಸಬಹುದು. ಆಂಧ್ರದ ನೆಲ್ಲೂರು ಜಿಲ್ಲೆಯ ಹಳ್ಳಿಗಳಲ್ಲಿ ತರಬೇತಿ ಪಡೆದ ಆಶಾ ಮಹಿಳೆಯರು ಸೋಂಕಿತ ಹೆಂಗಸರ ಮನೆಗೆ ಹೋಗಿ, ಆಸ್ಪತ್ರೆಗೆ ಜೊತೆಯಾಗಿ, ಬೇಳೆಕಾಳಿನ ನೆರವೂ ಸೇರಿದಾಗ ಮಾತ್ರೆ ತಪ್ಪುವುದು ಸ್ಪಷ್ಟವಾಗಿ ಇಳಿಯಿತು. ಹಸಿದ ಹೊಟ್ಟೆಯಲ್ಲಿ ಮಾತ್ರೆ ನುಂಗಲು ಹೆದರುವವರ ಮಟ್ಟಿಗೆ ಊಟವೂ ಚಿಕಿತ್ಸೆಯೇ. ಕುಡಿತ, ಖಿನ್ನತೆಗಳಿಗೂ ಚಿಕಿತ್ಸೆ ಜೊತೆಗೇ ಸಿಗಬೇಕು.

ಇನ್ನು ದೂರದ ಸಮಸ್ಯೆ. 2020ರ ಲಾಕ್‌ಡೌನ್‌ನಲ್ಲಿ ಬಸ್ಸುಗಳೇ ನಿಂತಾಗ ಒಮ್ಮೆಗೇ ಹಲವು ತಿಂಗಳ ಮಾತ್ರೆ ಕೊಡುವ ಕ್ರಮ ವ್ಯಾಪಕವಾಯಿತು. ಆರೋಗ್ಯ ಸ್ಥಿರವಾಗಿರುವವರಿಗೆ ಅದನ್ನು ಮುಂದುವರಿಸುವುದು, ತಾಲ್ಲೂಕು ಮಟ್ಟದ ಲಿಂಕ್ ಕೇಂದ್ರಗಳಿಂದಲೇ ಮಾತ್ರೆ ಕೊಡುವುದು, ಎರಡೂ ಗುಬ್ಬಿ, ಕುಣಿಗಲ್‌ನ ಕೂಲಿಯವರಿಗೆ ಸಾವಿರ ಫೋನ್ ಕರೆಗಿಂತ ಹೆಚ್ಚು ಉಪಯುಕ್ತ.

ಇಷ್ಟು ವರ್ಷ ಮಾತ್ರೆ ಎಂದರೆ ಸಾವನ್ನು ಮುಂದೂಡುವ ಔಷಧ ಎಂದೇ ಮಾತು. ಈಗ ಹೇಳಲು ಅದಕ್ಕಿಂತ ದೊಡ್ಡ ಸುದ್ದಿಯಿದೆ. 2016 ಮತ್ತು 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನಗಳು, ಒಬ್ಬರಿಗೆ ಸೋಂಕಿದ್ದು ಇನ್ನೊಬ್ಬರಿಗಿಲ್ಲದ ಜೋಡಿಗಳನ್ನು ಯೂರೋಪಿನಲ್ಲಿ ವರ್ಷಗಟ್ಟಲೆ ಗಮನಿಸಿದವು. ವೈರಲ್ ಲೋಡ್, ಅಂದರೆ ರಕ್ತದಲ್ಲಿನ ವೈರಸ್ ಪ್ರಮಾಣ, ಪತ್ತೆಯಾಗದಷ್ಟು ಇಳಿದಿದ್ದ ಸಂಗಾತಿಯಿಂದ ಕಾಂಡೋಮ್ ಇಲ್ಲದ ಸಂಪರ್ಕದಲ್ಲೂ ಸೋಂಕು ಹರಡಿದ ಒಂದು ಪ್ರಕರಣವೂ ಸಿಗಲಿಲ್ಲ. ತನ್ನಿಂದ ಹೆಂಡತಿಗೋ ಗಂಡನಿಗೋ ಕಾಯಿಲೆ ಬರದು ಎಂಬುದು ದಿನವೂ ಮಾತ್ರೆ ನುಂಗಲು ಯಾವ ಅಲಾರಂಗಿಂತಲೂ ಬಲವಾದ ಕಾರಣ. ನಮ್ಮ ಹಳ್ಳಿಗಳ ಗೋಡೆಬರಹಗಳಲ್ಲಿ ಈ ಮಾತು ಇನ್ನೂ ಸಾಕಷ್ಟು ಕಾಣಿಸಿಕೊಂಡಿಲ್ಲ.

ಎಚ್‌ಐವಿ ಇರುವವರ ಗುಟ್ಟು ಕಾಯುವುದು ಇಂದು ದಾಕ್ಷಿಣ್ಯದ ಮಾತಲ್ಲ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿರುವ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ಅದರ ಪ್ರಕಾರ ಸೋಂಕಿನ ಕಾರಣಕ್ಕೆ ಕೆಲಸ, ಶಾಲೆ, ಆಸ್ಪತ್ರೆ, ಬಾಡಿಗೆ ಮನೆಗಳಲ್ಲಿ ಭೇದ ಮಾಡುವಂತಿಲ್ಲ. ಮಾತ್ರೆ ಬಿಟ್ಟು ತಿಂಗಳುಗಳೇ ಆಗಿದ್ದರೂ ಎಆರ್‌ಟಿ ಕೇಂದ್ರಕ್ಕೆ ಮರಳಬಹುದು, ಔಷಧಕ್ಕೆ ದುಡ್ಡು ಕೊಡಬೇಕಿಲ್ಲ. ಮೊದಲು ಯಾರನ್ನಾದರೂ ಕೇಳಿ ನೋಡೋಣ ಎನ್ನುವವರಿಗೆ ರಾಷ್ಟ್ರೀಯ ಸಹಾಯವಾಣಿ 1097 ಇದೆ, ಕರೆ ಉಚಿತ.