ಸೂಜಿಗೆ ಕಾಣಲಿಲ್ಲ ಅಂದ್ರೆ ಇಲ್ಲ ಅಂತಲೇ?

ದಾರಕ್ಕೆ ಕಟ್ಟಿದ ಬಟಾಣಿ ಕಾಳು ತೂಗಾಡ್ತಿದೆ ಅಂದುಕೊಳ್ಳಿ. ಅದಕ್ಕೆ ಸೂಜಿ ಚುಚ್ಚೋದು ಸುಲಭವೇ? ಶ್ವಾಸಕೋಶದೊಳಗಿನ ಸಣ್ಣ ಗಂಟಿನ ವಿಷಯದಲ್ಲಿ ವೈದ್ಯರ ಕಷ್ಟವೂ ಇಂಥದ್ದೇ.

ಇಂಥ ಗಂಟು ಕ್ಯಾನ್ಸರ್ ಇರಬಹುದು, ಕ್ಷಯದ ಗಂಟೂ ಇರಬಹುದು. ಸ್ಕ್ಯಾನ್ ಚಿತ್ರದಲ್ಲಿ ಕೆಲವೊಮ್ಮೆ ಎರಡೂ ಒಂದೇ ಥರ ಕಾಣುತ್ತವೆ. ಆಗ ಸಿ.ಟಿ. ಸ್ಕ್ಯಾನ್ ನೋಡಿಕೊಂಡು, ಎದೆಯ ಚರ್ಮದ ಮೂಲಕ ಸೂಜಿ ಇಳಿಸಿ, ಗಂಟಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಇದೇ ಬಯಾಪ್ಸಿ.

ಇದರ ಉತ್ತರ ಎಷ್ಟು ಸರಿ? ಒಟ್ಟಾರೆ 100ಕ್ಕೆ ಸುಮಾರು 90 ಸಲ ಸರಿ. ಗಂಟು 1 ಸೆಂ.ಮೀ.ಗಿಂತ ಚಿಕ್ಕದಾದರೆ ನಿಖರತೆ ಇಳಿಯುತ್ತದೆ. ಉಸಿರಾಡಿದಂತೆಲ್ಲ ಗಂಟು ಜರುಗುತ್ತದೆ. ಶ್ವಾಸಕೋಶದ ಕೆಳಭಾಗದಲ್ಲಂತೂ ಇನ್ನೂ ಹೆಚ್ಚು. ಅದಕ್ಕೇ ರೋಗಿಗೆ, "ಪ್ರತಿ ಸಲವೂ ಒಂದೇ ರೀತಿ ಉಸಿರು ಹಿಡಿಯಿರಿ" ಅಂತ ಹೇಳ್ತಾರೆ.

ಇಲ್ಲೊಂದು ಸೂಕ್ಷ್ಮವಿದೆ. ಚೂರಿನಲ್ಲಿ ಕ್ಯಾನ್ಸರ್ ಕೋಶ ಕಂಡರೆ ಆ ಉತ್ತರವನ್ನು ಬಹುಮಟ್ಟಿಗೆ ನಂಬಬಹುದು. ಕಾಣದಿದ್ದರೆ? ಸೂಜಿ ಗಂಟಿನ ಪಕ್ಕಕ್ಕೆ ಹೋಗಿರಬಹುದು. 'ಕಾಣಲಿಲ್ಲ' ಬೇರೆ, 'ಇಲ್ಲ' ಬೇರೆ! ಕ್ಷಯದಂಥ ಇನ್ನೊಂದು ಕಾರಣ ಸ್ಪಷ್ಟವಾಗಿ ಸಿಕ್ಕರೆ ಅದಕ್ಕೆ ಚಿಕಿತ್ಸೆ. ಸಿಗದಿದ್ದರೆ ಮತ್ತೆ ಬಯಾಪ್ಸಿ, ಇಲ್ಲವೇ ಕೆಲವು ತಿಂಗಳ ನಂತರ ಸ್ಕ್ಯಾನ್.

ಹಾಗಾದ್ರೆ ಒಂದೇ ದಿನ ಹತ್ತು ಸಲ ಚುಚ್ಚಬಾರದೇಕೆ? ಚುಚ್ಚಿದ ಜಾಗದಿಂದ ಗಾಳಿ ಸೋರಿ ಶ್ವಾಸಕೋಶ ಕುಗ್ಗಬಹುದು. ಹೆಚ್ಚಿನವರಿಗೆ ಅದು ತಾನೇ ಸರಿಹೋಗುತ್ತದೆ. ಕೆಲವರಿಗೆ ಎದೆಗೆ ನಳಿಕೆ ಹಾಕಬೇಕಾಗುತ್ತದೆ.

ಮನೆಯವರ ವರದಿಯಲ್ಲಿ "ಕ್ಯಾನ್ಸರ್ ಕಂಡುಬಂದಿಲ್ಲ" ಅಂತಿದ್ದರೆ ಸುಮ್ಮನಾಗಬೇಡಿ. "ಹಾಗಾದರೆ ಆ ಗಂಟು ಏನು? ಮುಂದಿನ ಪರೀಕ್ಷೆ ಯಾವಾಗ?" ಅಂತ ವೈದ್ಯರನ್ನು ಕೇಳಲು ಹೇಳಿ.